41 ಕೃತ್ಯ, ಒಂದೇ ವಿಚಾರಣೆ

1901ರಲ್ಲಿ, ಆಗ ಭಾರತದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮದ್ರಾಸಿನ ಒಂದು ಶಿಕ್ಷೆಯನ್ನು ರದ್ದುಮಾಡಿತು. ಆರೋಪಿ ನಿರಪರಾಧಿ ಎಂದು ಅದು ಹೇಳಲಿಲ್ಲ, ಸಾಕ್ಷ್ಯ ಸಾಲದು ಎಂದೂ ಹೇಳಲಿಲ್ಲ. ಅವನನ್ನು ವಿಚಾರಣೆಗೆ ಗುರಿಪಡಿಸಿದ ರೀತಿಯನ್ನೇ ಕಾನೂನು ನಿಷೇಧಿಸಿದೆ ಎಂದಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯ 234ನೆಯ ಕಲಮಿನ ಪ್ರಕಾರ ಒಬ್ಬನ ಮೇಲಿನ ಒಂದೇ ಬಗೆಯ ಅಪರಾಧಗಳನ್ನು ಒಟ್ಟಿಗೆ ವಿಚಾರಿಸಬೇಕಾದರೆ ಅವು ಮೂರನ್ನು ಮೀರಬಾರದು, ಹನ್ನೆರಡು ತಿಂಗಳೊಳಗೆ ನಡೆದಿರಬೇಕು. ಮದ್ರಾಸಿನಲ್ಲಿ ಎರಡು ವರ್ಷಗಳಿಗೆ ಹರಡಿದ 41 ಕೃತ್ಯಗಳನ್ನು ಒಂದೇ ವಿಚಾರಣೆಯೊಳಗೆ ತುಂಬಿದ್ದರು. ಕಾನೂನಿನ ಪುಸ್ತಕಗಳಲ್ಲಿ ಇದು ಸುಬ್ರಹ್ಮಣ್ಯ ಅಯ್ಯರ್ ಪ್ರಕರಣ ಎಂದೇ ಪರಿಚಿತ. (ಅದೇ ಕಾಲದಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಎಸ್. ಸುಬ್ರಹ್ಮಣ್ಯ ಅಯ್ಯರ್ ಬೇರೆ, ಈ ಆರೋಪಿ ಬೇರೆ.) ಮಂಗಳೂರು, ಬಳ್ಳಾರಿಗಳು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಪ್ರಿವಿ ಕೌನ್ಸಿಲ್ಲಿನ ಮಾತು ಈ ಎಲ್ಲ ಊರುಗಳ ಸೆಷನ್ಸ್ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತಿತ್ತು. ಇಂಥ ತೀರ್ಪು ಬಂದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: ತಪ್ಪು ಮಾಡಿದವನನ್ನು ಯಾವುದೋ ಕಲಮಿನ ನೆಪದಲ್ಲಿ ಬಿಟ್ಟುಬಿಡುವುದು ನ್ಯಾಯವೇ? ಈ ಪ್ರಶ್ನೆ ಹುಟ್ಟುವುದು ಸಹಜ. ಆದರೆ ಅದರೊಳಗೆ ಒಂದು ಊಹೆ ಅಡಗಿದೆ: ವಿಚಾರಣೆ ಕೆಟ್ಟಿದ್ದರೂ ಅವನು ತಪ್ಪು ಮಾಡಿದ್ದಾನೆಂಬುದು ನಮಗೆ ಗೊತ್ತು ಎಂಬ ಊಹೆ. ಒಂದೂಕಾಲು ಶತಮಾನದ ಪ್ರಕರಣಗಳನ್ನು ಸಾಲಾಗಿಟ್ಟು ನೋಡಿದರೆ ಈ ಊಹೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಮೂರರ ಮಿತಿ ಯಾಕೆ ಬಂತೆಂಬುದನ್ನು ಮೊದಲು ನೋಡಬೇಕು. ಒಂದು ಕಳವಿನ ಆರೋಪ ಎದುರಿಸುವವನು ಆ ದಿನ ತಾನೆಲ್ಲಿದ್ದೆ, ಯಾರ ಜೊತೆಗಿದ್ದೆ ಎಂದು ತೋರಿಸಬಹುದು. 41 ಘಟನೆಗಳನ್ನು ಒಟ್ಟಿಗೆ ಎದುರಿಸುವವನು ಎರಡು ವರ್ಷಗಳ ತನ್ನ ಬದುಕನ್ನೆಲ್ಲ ನೆನಪಿನಿಂದ ಹೊರತೆಗೆಯಬೇಕು, ಪ್ರತಿಯೊಂದಕ್ಕೂ ಬೇರೆ ಸಾಕ್ಷಿ ಹುಡುಕಬೇಕು. ಅದಕ್ಕಿಂತ ದೊಡ್ಡ ಅಪಾಯ ತೀರ್ಪು ಕೊಡುವವರ ಮನಸ್ಸಿನಲ್ಲಿದೆ. ಒಂದೊಂದೇ ಆಗಿ ನೋಡಿದರೆ ಯಾವ ಆರೋಪವೂ ಸಾಬೀತಾಗದಿರಬಹುದು. ಆದರೆ ಇಷ್ಟೊಂದು ಆರೋಪಗಳು ಸುಮ್ಮನೆ ಬರುತ್ತವೆಯೇ ಎಂಬ ಅನುಮಾನ, ಸಾಕ್ಷ್ಯ ಮಾಡಬೇಕಾದ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಜ್ಯೂರಿ ಕೂರುತ್ತಿದ್ದ ಕಾಲದಲ್ಲಿ ಇದು ಇನ್ನೂ ಹೆಚ್ಚಿನ ಅಪಾಯ. ಹಾಗಾಗಿ ಆ ಮಿತಿ ಗುಮಾಸ್ತರ ಅನುಕೂಲಕ್ಕೆ ಇಟ್ಟ ಲೆಕ್ಕವಾಗಿರಲಿಲ್ಲ. ಮನುಷ್ಯರು ಹೇಗೆ ತಪ್ಪು ತೀರ್ಮಾನಕ್ಕೆ ಬರುತ್ತಾರೆಂಬ ಅನುಭವ ಅದರ ಹಿಂದಿತ್ತು.

ಆ ಪ್ರಕರಣದಲ್ಲಿ ಹೈಕೋರ್ಟು ಮಾಡಿದ ಪ್ರಯತ್ನ ಇಲ್ಲಿ ಮುಖ್ಯ. ಆರೋಪಪಟ್ಟಿಯಲ್ಲಿ ದೋಷವಿದೆ ಎಂದು ಅದಕ್ಕೂ ಕಂಡಿತ್ತು. ಆದರೆ ಇಡೀ ಶಿಕ್ಷೆಯನ್ನು ಕೈಬಿಡಲು ಒಪ್ಪದೆ, ದೋಷವಿದ್ದ ಭಾಗವನ್ನು ಕತ್ತರಿಸಿ, ಉಳಿದ ಭಾಗಕ್ಕೆ ಇರುವ ಸಾಕ್ಷ್ಯವನ್ನು ತಾನೇ ತೂಗಿ ಶಿಕ್ಷೆಯನ್ನು ಉಳಿಸಿಕೊಳ್ಳಲು ನೋಡಿತು. ಲಾರ್ಡ್ ಚಾನ್ಸಲರ್ ಹಾಲ್ಸ್‌ಬರಿ ಇದನ್ನು ಒಪ್ಪಲಿಲ್ಲ. ಅವರ ತರ್ಕವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಜ್ಯೂರಿಯ ಕಿವಿಗೆ ಬಿದ್ದದ್ದು ಎಲ್ಲ ಕೃತ್ಯಗಳ ಕಥೆ. ಅದರಲ್ಲಿ ಯಾವುದು ಅವರ ಮನಸ್ಸನ್ನು ತಿರುಗಿಸಿತೆಂದು ಆಮೇಲೆ ಯಾರೂ ಬಿಡಿಸಿ ಹೇಳಲಾರರು. ನ್ಯಾಯಾಧೀಶರು ಅನಂತರ ಜೋಡಿಸಿದ ಆರೋಪದ ಮೇಲೆ ಆ ಮನುಷ್ಯನ ವಿಚಾರಣೆ ನಡೆದೇ ಇಲ್ಲ. ಕಾನೂನು ಸ್ಪಷ್ಟವಾಗಿ ವಿಧಿಸಿದ ವಿಚಾರಣೆಯ ಕ್ರಮವನ್ನು ಮೀರುವುದು ಬರಿಯ ಲೋಪವಲ್ಲ, ಅಕ್ರಮ. ಈ ವ್ಯತ್ಯಾಸದ ಸುತ್ತ ಮುಂದಿನ ಅರ್ಧ ಶತಮಾನ ಭಾರತದ ಹೈಕೋರ್ಟುಗಳು ವಾದಿಸಿದವು. ಯಾವ ತಪ್ಪು ಸರಿಪಡಿಸಬಹುದಾದ ಲೋಪ, ಯಾವುದು ವಿಚಾರಣೆಯನ್ನೇ ಕೆಡಿಸುವ ಅಕ್ರಮ?

ಈ ವಾದಕ್ಕೆ ಭಾರತದಲ್ಲಿ ನೆಲೆ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ನೆನೆಯುವವರು ಕಡಿಮೆ. 1861ರ ಮೊದಲ ಸಂಹಿತೆಯಿಂದಲೇ ಇಲ್ಲಿನ ಸೆಷನ್ಸ್ ನ್ಯಾಯಾಲಯಗಳಲ್ಲಿ ಶಿಕ್ಷೆಗೊಳಗಾದವರಿಗೆ ಮೇಲ್ಮನವಿಯ ಹಕ್ಕಿತ್ತು. ಇಂಗ್ಲೆಂಡಿನಲ್ಲಿ ಇಂಥ ಹಕ್ಕು ಬಂದದ್ದು 1907ರಲ್ಲಿ, ಅದೂ ಮಾಡದ ತಪ್ಪಿಗೆ ಎರಡು ಸಲ ಶಿಕ್ಷೆಗೊಳಗಾದ ಅಡಾಲ್ಫ್ ಬೆಕ್‌ನ ಪ್ರಕರಣ ಜನರನ್ನು ಕೆರಳಿಸಿದ ಮೇಲೆ. ಮೇಲ್ಮನವಿ ಇದ್ದಲ್ಲಿ ದಾಖಲೆ ಇರಲೇಬೇಕು. ಸಾಕ್ಷಿ ಹೇಳಿದ್ದನ್ನು ಬರೆದುಕೊಳ್ಳಬೇಕು, ಅವನಿಗೆ ಓದಿಹೇಳಬೇಕು, ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ ಅವನಿಗೆ ತಿಳಿಯುವಂತೆ ಅನುವಾದಿಸಬೇಕು. ಇಂಗ್ಲಿಷಿನಲ್ಲಿ ದಾಖಲೆ ಬರೆಯುವ ಅಧಿಕಾರಿಯ ಮುಂದೆ ತುಳು ಅಥವಾ ಕನ್ನಡ ಮಾತ್ರ ಬಲ್ಲ ರೈತ ನಿಂತಾಗ, ಅವನ ಪಾಲಿಗೆ ಈ ವಿಧಿಗಳೇ ವಿಚಾರಣೆಯೊಳಗೆ ಹೋಗುವ ಬಾಗಿಲು. ಅವನಿಗೆ ಅರ್ಥವಾಗದ ವಿಚಾರಣೆಯಲ್ಲಿ ಅವನು ಹಾಜರಿದ್ದ ಎಂದು ಬರೆಯುವುದಕ್ಕೆ ಯಾವ ಬೆಲೆಯೂ ಇಲ್ಲ.

1936ರಲ್ಲಿ ಲಾಹೋರಿನಿಂದ ಬಂದ ನಜೀರ್ ಅಹ್ಮದ್ ಪ್ರಕರಣ ಈ ವಿಚಾರವನ್ನು ಇನ್ನಷ್ಟು ಆಳಕ್ಕೆ ಒಯ್ದಿತು. ದರೋಡೆ, ಕೊಲೆ, ಗಲ್ಲುಶಿಕ್ಷೆ. ಶಿಕ್ಷೆ ನಿಂತದ್ದು ಒಂದು ತಪ್ಪೊಪ್ಪಿಗೆಯ ಮೇಲೆ. ಸಂಹಿತೆಯ 164ನೆಯ ಕಲಮು ತಪ್ಪೊಪ್ಪಿಗೆ ದಾಖಲಿಸುವ ಮ್ಯಾಜಿಸ್ಟ್ರೇಟರಿಗೆ ಕಟ್ಟುನಿಟ್ಟಿನ ಕ್ರಮ ಹಾಕಿಕೊಟ್ಟಿತ್ತು: ಹೇಳಲೇಬೇಕೆಂಬ ಒತ್ತಾಯವಿಲ್ಲವೆಂದು, ಹೇಳಿದರೆ ಅದೇ ಅವನ ವಿರುದ್ಧ ಸಾಕ್ಷ್ಯವಾಗಬಹುದೆಂದು ಆರೋಪಿಗೆ ಎಚ್ಚರಿಸಬೇಕು, ಸ್ವಇಚ್ಛೆಯಿಂದ ಹೇಳುತ್ತಿದ್ದಾನೆಂದು ಮನವರಿಕೆ ಮಾಡಿಕೊಳ್ಳಬೇಕು, ಪ್ರಶ್ನೋತ್ತರಗಳನ್ನು ಪೂರ್ತಿ ಬರೆದು, ಓದಿಹೇಳಿ, ಸಹಿ ಹಾಕಿಸಬೇಕು. ಈ ಮ್ಯಾಜಿಸ್ಟ್ರೇಟ್ ಹಾಗೆ ಮಾಡಲಿಲ್ಲ. ಕಚ್ಚಾ ಟಿಪ್ಪಣಿ ಮಾಡಿಕೊಂಡು, ಅದರಿಂದ ಬೆರಳಚ್ಚುಗಾರನಿಗೆ ಸಾರಾಂಶ ಬರೆಯಿಸಿ, ಕಚ್ಚಾ ಹಾಳೆಗಳನ್ನು ನಾಶಮಾಡಿದ್ದರು. ಆಮೇಲೆ ಸಾಕ್ಷಿಕಟ್ಟೆಗೆ ಬಂದು, ಆರೋಪಿ ತನ್ನೆದುರು ಒಪ್ಪಿಕೊಂಡ ಎಂದು ಬಾಯಿಮಾತಿನಲ್ಲಿ ಹೇಳಿದರು. ಲಾರ್ಡ್ ರೋಚ್ ನೀಡಿದ ತೀರ್ಪಿನ ತಿರುಳು ಇಂದಿಗೂ ನಮ್ಮ ನ್ಯಾಯಾಲಯಗಳಲ್ಲಿ ಕೇಳಿಬರುತ್ತದೆ: ಒಂದು ಅಧಿಕಾರವನ್ನು ಇಂಥ ರೀತಿಯಲ್ಲೇ ಚಲಾಯಿಸಬೇಕೆಂದು ಕಾನೂನು ಹೇಳಿದ್ದರೆ, ಹಾಗೆಯೇ ಚಲಾಯಿಸಬೇಕು, ಇಲ್ಲವಾದರೆ ಚಲಾಯಿಸಲೇಬಾರದು. ಶಿಕ್ಷೆ ರದ್ದಾಯಿತು.

ಇಲ್ಲಿ ಎದುರುವಾದಿ ಕೇಳಬಹುದು: ಮ್ಯಾಜಿಸ್ಟ್ರೇಟ್ ಗೌರವಸ್ಥ ಅಧಿಕಾರಿ, ಸುಳ್ಳು ಹೇಳಲು ಅವರಿಗೇನು ಕಾರಣ? ಅವರ ಮಾತು ನಿಜವೇ ಆಗಿದ್ದರೆ ಒಬ್ಬ ಕೊಲೆಗಾರ ತಪ್ಪಿಸಿಕೊಂಡಂತೆ ಆಗಲಿಲ್ಲವೇ? ಆಗಿರಬಹುದು. ಆದರೆ ಆ ಮಾತು ನಿಜವೆಂದು ತಿಳಿಯುವ ದಾರಿ ಯಾವುದಿತ್ತು? ಆ ಹಾಳೆಗಳಿದ್ದಿದ್ದರೆ, ಯಾವ ಪ್ರಶ್ನೆಗೆ ಯಾವ ಉತ್ತರ ಬಂತು, ಎಚ್ಚರಿಕೆಯ ಮಾತು ಮೊದಲು ಬಂತೇ ಆಮೇಲೆ ಬಂತೇ, ಪೊಲೀಸರು ಪಕ್ಕದಲ್ಲಿದ್ದರೇ ಎಂದು ನೋಡಬಹುದಿತ್ತು. ಹಾಳೆಗಳಿಲ್ಲ. ಸಹಿಯಿಲ್ಲ. ಉಳಿದದ್ದು ಒಬ್ಬ ಅಧಿಕಾರಿಯ ಮಾತನ್ನು ನಂಬಿ ಒಬ್ಬನನ್ನು ನೇಣಿಗೇರಿಸುವ ಆಯ್ಕೆ ಮಾತ್ರ. ಮ್ಯಾಜಿಸ್ಟ್ರೇಟರನ್ನು ಪೊಲೀಸ್ ಸಾಕ್ಷಿಗಳ ಸಾಲಿಗೆ ತಂದು ನಿಲ್ಲಿಸುವುದು ಆ ಹುದ್ದೆಗೇ ತಕ್ಕುದಲ್ಲ ಎಂದೂ ಪ್ರಿವಿ ಕೌನ್ಸಿಲ್ ಎಣಿಸಿತು. ವಿಧಿ ಮುರಿದಾಗ ನಮ್ಮ ಕೈಯಿಂದ ತಪ್ಪಿಹೋಗುವುದು ಅಪರಾಧಿಯಾಗಿರಬಹುದು, ನಿರಪರಾಧಿಯೂ ಆಗಿರಬಹುದು. ಯಾರೆಂದು ತಿಳಿಸಬೇಕಾದ ಸಾಧನವನ್ನೇ ನಾವು ಮುರಿದಿದ್ದೇವೆ. ಒಡೆದ ತಕ್ಕಡಿಯಲ್ಲಿ ತೂಗಿದ ಅಕ್ಕಿ ಸರಿಯಾಗಿ ಒಂದು ಸೇರೇ ಇರಬಹುದು. ಆದರೂ ಆ ತೂಕಕ್ಕೆ ಹಣ ಕೊಡಿ ಎಂದು ಕೇಳುವ ಹಕ್ಕು ಅಂಗಡಿಯವನಿಗಿಲ್ಲ.

ಹಾಗೆಂದು ಪ್ರತಿ ಲೋಪಕ್ಕೂ ಶಿಕ್ಷೆ ರದ್ದಾಗಬೇಕು ಎಂಬ ವಾದ ನನ್ನದಲ್ಲ, ಇತಿಹಾಸವೂ ಹಾಗೆ ಸಾಗಲಿಲ್ಲ. ಅದೇ 1898ರ ಸಂಹಿತೆಯಲ್ಲಿ 537ನೆಯ ಕಲಮು ಇತ್ತು: ತಪ್ಪು, ಲೋಪಗಳಿಂದ ನ್ಯಾಯಕ್ಕೆ ಚ್ಯುತಿ ಬಂದಿರದಿದ್ದರೆ ತೀರ್ಪನ್ನು ತಿರುಗಿಸಬಾರದು. 1927ರಲ್ಲಿ ರಂಗೂನಿನಿಂದ ಬಂದ ಅಬ್ದುಲ್ ರಹಮಾನ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇದಕ್ಕೆ ಜೀವ ತುಂಬಿತು. ಅಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಕಾನೂನು ಹೇಳಿದ ಕ್ರಮದಲ್ಲಿ ಓದಿಹೇಳಿರಲಿಲ್ಲ. ಇದರಿಂದ ಆರೋಪಿಗೆ ಏನು ನಷ್ಟವಾಯಿತೆಂದು ಯಾರೂ ತೋರಿಸಲಿಲ್ಲ, ಹಾಗಾಗಿ ಶಿಕ್ಷೆ ಉಳಿಯಿತು. ಸ್ವಾತಂತ್ರ್ಯದ ನಂತರ ಈ ಧಾರೆ ಮೇಲುಗೈ ಪಡೆಯಿತು. 1955ರಲ್ಲಿ ಸಂಸತ್ತು ಸಂಹಿತೆಯನ್ನು ತಿದ್ದಿ, ಆರೋಪಗಳನ್ನು ತಪ್ಪಾಗಿ ಒಟ್ಟುಗೂಡಿಸಿದ ದೋಷವನ್ನೂ 537ರೊಳಕ್ಕೆ ಸೇರಿಸಿತು. ಮದ್ರಾಸಿನ 41 ಕೃತ್ಯಗಳಂಥ ಪ್ರಕರಣ ಮತ್ತೆ ಬಂದರೆ ಶಿಕ್ಷೆ ತಾನಾಗಿಯೇ ರದ್ದಾಗುವುದಿಲ್ಲ, ನಷ್ಟವನ್ನು ಪರೀಕ್ಷಿಸಬೇಕು ಎಂದಾಯಿತು. ಅದೇ ವರ್ಷ ಜಬಲಪುರದ ವಿಲ್ಲಿ ಸ್ಲೇನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಕೂತಿತು. ಇಬ್ಬರು ಸಹೋದರರ ಮೇಲೆ ಸಮಾನ ಉದ್ದೇಶದಿಂದ ಕೊಲೆ ಮಾಡಿದ ಆರೋಪ, ಒಬ್ಬ ಖುಲಾಸೆಯಾದ, ಹಾಕಿ ಕೋಲಿನಿಂದ ತಲೆಗೆ ಹೊಡೆದವನಿಗೆ ಶಿಕ್ಷೆಯಾಯಿತು. ಅವನೊಬ್ಬನೇ ಕೊಂದ ಎಂಬ ಪ್ರತ್ಯೇಕ ದೋಷಾರೋಪಣೆ ಇರಲಿಲ್ಲ ಎಂಬುದು ಮೇಲ್ಮನವಿಯ ವಾದ. ನ್ಯಾಯಮೂರ್ತಿ ವಿವಿಯನ್ ಬೋಸ್ ಹಳೆಯ ಲೋಪ-ಅಕ್ರಮಗಳ ಗೆರೆಯನ್ನು ಬದಿಗಿಟ್ಟು ನೇರವಾದ ಪ್ರಶ್ನೆ ಕೇಳಿದರು: ತನ್ನ ಮೇಲಿನ ಆರೋಪ ಏನೆಂದು ಅವನಿಗೆ ತಿಳಿದಿತ್ತೇ, ಅದಕ್ಕೆ ಉತ್ತರಿಸುವ ಅವಕಾಶ ಪೂರ್ತಿಯಾಗಿ ಸಿಕ್ಕಿತೇ? ತಿಳಿದಿತ್ತು, ಸಿಕ್ಕಿತ್ತು. ದೋಷಾರೋಪಣೆಯ ವಾದ ಬಿದ್ದುಹೋಯಿತು. ಸಾಕ್ಷ್ಯ ನೋಡಿದ ಪೀಠ, ಕೊಲೆಯ ಶಿಕ್ಷೆಯನ್ನು ಕೊಲೆಯಲ್ಲದ ನರಹತ್ಯೆಗೆ ಇಳಿಸಿ ಐದು ವರ್ಷ ಕೊಟ್ಟಿತು.

ಬೋಸ್ ಅವರ ದಾರಿ ಸರಿಯಾದದ್ದೆಂದು ನಾನು ನಂಬುತ್ತೇನೆ. ನಂಬಲು ಒಂದು ಕಾರಣ, ಅದೇ ನ್ಯಾಯಮೂರ್ತಿ 1951ರ ತಾರಾ ಸಿಂಗ್ ಪ್ರಕರಣದಲ್ಲಿ ಎಷ್ಟು ಕಠಿಣವಾಗಿದ್ದರೆಂಬುದು. ಅಲ್ಲಿ ಆರೋಪಿಗೆ ಗಲ್ಲು ವಿಧಿಸಲಾಗಿತ್ತು. ಸಾಕ್ಷ್ಯದಲ್ಲಿ ತನ್ನ ವಿರುದ್ಧ ಏನೇನು ಬಂದಿದೆ, ಅದಕ್ಕೆ ತನ್ನ ವಿವರಣೆ ಏನೆಂದು ನ್ಯಾಯಾಧೀಶರು ಅವನನ್ನು ಒಂದೊಂದಾಗಿ ಕೇಳಬೇಕಿತ್ತು. ಹಾಗೆ ಕೇಳದೆ, ಕೆಳ ನ್ಯಾಯಾಲಯದ ಹಳೆಯ ಹೇಳಿಕೆಯನ್ನು ಓದಿ ಇದು ಸರಿಯೇ ಎಂದು ಮುಗಿಸಿದ್ದರು. ಪ್ರತಿ ಮುಖ್ಯ ಅಂಶವನ್ನೂ ಬೇರೆಬೇರೆಯಾಗಿ, ಓದುಬರಹವಿಲ್ಲದ, ಭಯದಿಂದ ತತ್ತರಿಸಿದವನಿಗೂ ಅರ್ಥವಾಗುವ ಹಾಗೆ ಕೇಳಬೇಕೆಂದು ಹೇಳಿ ಬೋಸ್ ಆ ಶಿಕ್ಷೆಯನ್ನು ತೆಗೆದುಹಾಕಿ ಮರುವಿಚಾರಣೆಗೆ ಕಳಿಸಿದರು. 1973ರ ಸಂಹಿತೆಯ ಕಲಮಿನಿಂದಾಗಿ ವಕೀಲರು 313ರ ಹೇಳಿಕೆ ಎಂದು ಕರೆಯುತ್ತ ಬಂದ ಹಂತ ಇದೇ. ಎಷ್ಟೋ ನ್ಯಾಯಾಲಯಗಳಲ್ಲಿ ಇದು ಮುದ್ರಿತ ಪ್ರಶ್ನೆಗಳಿಗೆ ಸುಳ್ಳು, ಗೊತ್ತಿಲ್ಲ ಎಂದು ಬರೆಸಿಕೊಳ್ಳುವ ಕೆಲಸವಾಗಿ ಉಳಿದಿರುವುದು ನೋವಿನ ಸಂಗತಿ. ಇಡೀ ವಿಚಾರಣೆಯಲ್ಲಿ ಆರೋಪಿ ನ್ಯಾಯಾಧೀಶರೊಂದಿಗೆ ನೇರವಾಗಿ ಮಾತಾಡುವ ಗಳಿಗೆ ಅದೊಂದೇ ಇರಬಹುದು.

ಇನ್ನೊಂದು ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ಇವೆಲ್ಲ ಪರಕೀಯರು ತಂದ ನಾಜೂಕುಗಳು, ನಮ್ಮ ನೆಲದ ನ್ಯಾಯಕ್ಕೆ ಇವುಗಳ ಹಂಗೇಕೆ ಎಂದು ಕೇಳುವವರಿದ್ದಾರೆ. ಅದೇ ಪರಕೀಯ ಸರ್ಕಾರ ತನಗೆ ಶಿಕ್ಷೆ ಖಚಿತವಾಗಿ ಬೇಕಾದಾಗ ಮೊದಲು ಏನು ಮಾಡಿತೆಂದು ನೋಡೋಣ. 1919ರ ರೌಲತ್ ಕಾಯ್ದೆ ಮೇಲ್ಮನವಿಯನ್ನು ಕಿತ್ತುಕೊಂಡಿತು. 1930ರ ಮೇ ತಿಂಗಳಲ್ಲಿ ವೈಸರಾಯ್ ಇರ್ವಿನ್ ಲಾಹೋರ್ ಪಿತೂರಿ ಮೊಕದ್ದಮೆಗಾಗಿಯೇ ಸುಗ್ರೀವಾಜ್ಞೆ ಹೊರಡಿಸಿ, ಭಗತ್ ಸಿಂಗ್ ಮತ್ತು ಸಂಗಾತಿಗಳನ್ನು ಮಾಮೂಲಿ ನ್ಯಾಯಾಲಯದಿಂದ ಬಿಡಿಸಿ ವಿಶೇಷ ನ್ಯಾಯಮಂಡಳಿಗೆ ಒಪ್ಪಿಸಿದರು. ಆರೋಪಿಗಳು ಇಲ್ಲದೆಯೂ ವಿಚಾರಣೆ ನಡೆಸುವ ಅಧಿಕಾರ ಆ ಮಂಡಳಿಗಿತ್ತು. ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿಯ ಅವಕಾಶವಿರಲಿಲ್ಲ. ಅಕ್ಟೋಬರಿನಲ್ಲಿ ತೀರ್ಪು ಬಂತು, ಪ್ರಿವಿ ಕೌನ್ಸಿಲ್ ಮಧ್ಯೆ ಬರಲು ನಿರಾಕರಿಸಿತು, 1931ರ ಮಾರ್ಚ್ 23ರಂದು ಮೂವರನ್ನು ಗಲ್ಲಿಗೇರಿಸಿದರು. ವಿಚಾರಣೆಯ ವಿಧಿಗಳು ಆಳುವವರಿಗೆ ಅನುಕೂಲವಾಗಿದ್ದಿದ್ದರೆ ಅವುಗಳನ್ನು ತೆಗೆದುಹಾಕಲು ಸುಗ್ರೀವಾಜ್ಞೆ ಬೇಕಾಗುತ್ತಿರಲಿಲ್ಲ. ಸ್ವತಂತ್ರ ಭಾರತದಲ್ಲೂ ಆ ಚಾಳಿ ಹೋಗಲಿಲ್ಲ. ದಮ್‌ದಮ್‌ನ ಜೆಸೊಪ್ ಕಾರ್ಖಾನೆಯ ಮೇಲೆ ಸಶಸ್ತ್ರ ಗುಂಪು ದಾಳಿ ನಡೆಸಿದ ಪ್ರಕರಣದಲ್ಲಿ ಅನ್ವರ್ ಅಲಿ ಸರ್ಕಾರ್ ಮತ್ತು ಇತರ 49 ಮಂದಿಯನ್ನು ಪಶ್ಚಿಮ ಬಂಗಾಳದ ವಿಶೇಷ ನ್ಯಾಯಾಲಯ ಶಿಕ್ಷಿಸಿತ್ತು. ಯಾವ ಮೊಕದ್ದಮೆಯನ್ನು ಆ ಅವಸರದ ನ್ಯಾಯಾಲಯಕ್ಕೆ ಕಳಿಸಬೇಕೆಂಬುದು ಪೂರ್ತಿ ಸರ್ಕಾರದ ಇಷ್ಟಕ್ಕೆ ಬಿಟ್ಟದ್ದು. 1952ರಲ್ಲಿ ಸುಪ್ರೀಂ ಕೋರ್ಟ್ ಇದು ಸಮಾನತೆಯ 14ನೆಯ ವಿಧಿಗೆ ವಿರುದ್ಧವೆಂದು, ಶಿಕ್ಷೆ ರದ್ದುಪಡಿಸಿದ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಸಂವಿಧಾನ ಬಂದು ಎರಡೇ ವರ್ಷವಾಗಿತ್ತು.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಬರುವುದು ಅಪರಾಧ ಘೋರವಾಗಿದ್ದು, ಆರೋಪಿಯ ಮೇಲೆ ಯಾರಿಗೂ ಕನಿಕರವಿಲ್ಲದಾಗ. 1997ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸೊಂದರಲ್ಲಿ ಬಾಂಬ್ ಸಿಡಿದು ನಾಲ್ವರು ಸತ್ತರು, ಹಲವರು ಗಾಯಗೊಂಡರು. ಪಾಕಿಸ್ತಾನದ ಪ್ರಜೆಯೊಬ್ಬನಿಗೆ ಗಲ್ಲುಶಿಕ್ಷೆಯಾಯಿತು, ಹೈಕೋರ್ಟ್ ಅದನ್ನು ಖಾಯಂ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟ್ ದಾಖಲೆ ತೆರೆದು ನೋಡಿದಾಗ, 65 ಸಾಕ್ಷಿಗಳ ಪೈಕಿ 56 ಮಂದಿಯ ವಿಚಾರಣೆ ಆರೋಪಿಯ ಪರ ವಕೀಲರಿಲ್ಲದೆಯೇ ನಡೆದುಹೋಗಿತ್ತು. ಚಿಕ್ಕಮಗಳೂರು ಜಿಲ್ಲೆಯಿಂದ ಬಂದು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಎಚ್.ಎಲ್. ದತ್ತು ಆ ಪೀಠದಲ್ಲಿದ್ದರು. ಶಿಕ್ಷೆ ನಿಲ್ಲದು ಎಂಬುದರಲ್ಲಿ ಅವರಿಗೂ ಜೊತೆಗಿದ್ದ ನ್ಯಾಯಮೂರ್ತಿ ಸಿ.ಕೆ. ಪ್ರಸಾದರಿಗೂ ಭಿನ್ನಮತವಿರಲಿಲ್ಲ. ಮುಂದೇನೆಂಬಲ್ಲಿ ದಾರಿ ಬೇರೆಯಾಯಿತು: ದತ್ತು ಮರುವಿಚಾರಣೆ ಬೇಕೆಂದರು, ಇಷ್ಟು ವರ್ಷ ಸೆರೆಯಲ್ಲಿದ್ದವನನ್ನು ಮತ್ತೆ ವಿಚಾರಣೆಗೆ ಎಳೆಯುವುದು ಸಲ್ಲದೆಂದು ಪ್ರಸಾದ್ ಅಭಿಪ್ರಾಯಪಟ್ಟರು. ಮೂವರ ಪೀಠ ಆ ವರ್ಷದ ಆಗಸ್ಟಿನಲ್ಲಿ ಮರುವಿಚಾರಣೆಯನ್ನೇ ಆರಿಸಿತು. ವಕೀಲರೊಂದಿಗೆ ನಡೆದ ಆ ವಿಚಾರಣೆಯ ಕೊನೆಗೆ, 2013ರಲ್ಲಿ, ಸ್ಫೋಟದ ಆರೋಪದಿಂದ ಅವನು ಖುಲಾಸೆಯಾದ. ಗಲ್ಲಿಗೆ ಸಾಕಾಗಿದ್ದ ಸಾಕ್ಷ್ಯ, ಪಾಟೀ ಸವಾಲಿನ ಎದುರು ನಿಲ್ಲಲಿಲ್ಲ. ಸಾಕ್ಷ್ಯ ಬಲವಾಗಿದೆ, ವಿಧಿಯ ದೋಷದಿಂದ ಏನೂ ನಷ್ಟವಾಗಿಲ್ಲ ಎಂಬ ವಾದಕ್ಕೆ ನಾನು ಕೊಡುವ ಉತ್ತರ ಈ ಪ್ರಕರಣ. ಯಾರೂ ಪ್ರಶ್ನಿಸದ ಸಾಕ್ಷ್ಯ ಯಾವಾಗಲೂ ಬಲವಾಗಿಯೇ ಕಾಣುತ್ತದೆ.

ಇದು ಹೊಸ ಪಾಠವೂ ಆಗಿರಲಿಲ್ಲ. 1968ರಲ್ಲೇ ಉತ್ತರ ಪ್ರದೇಶದ ಬಶೀರನ ಪ್ರಕರಣದಲ್ಲಿ, ಕೊಲೆ ಆರೋಪಿಗೆ ವಿಚಾರಣೆ ಆರಂಭವಾದ ದಿನವೇ ವಕೀಲರನ್ನು ಕೊಟ್ಟು, ಸಿದ್ಧವಾಗಲು ಸಮಯ ಕೊಡದೆ ಸಾಕ್ಷಿಗಳನ್ನು ಕರೆದದ್ದಕ್ಕೆ ಸುಪ್ರೀಂ ಕೋರ್ಟ್ ಗಲ್ಲುಶಿಕ್ಷೆಯನ್ನು ತೆಗೆದು ಹೊಸ ವಿಚಾರಣೆಗೆ ಕಳಿಸಿತ್ತು. ಮೂರು ದಶಕದ ಮೇಲೆ ದೆಹಲಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪು ನಡೆಯಿತೆಂದರೆ, ಮೇಲಿನ ನ್ಯಾಯಾಲಯ ಬರೆದದ್ದು ಕೆಳಗಿನ ನ್ಯಾಯಾಲಯದ ದಿನಚರಿಗೆ ಇಳಿಯುವುದು ಎಷ್ಟು ನಿಧಾನವೆಂದು ತಿಳಿಯುತ್ತದೆ.

ನೊಂದವರ ಪ್ರಶ್ನೆಗೆ ಉತ್ತರಿಸದೆ ಈ ವಾದ ಮುಗಿಯುವುದಿಲ್ಲ, ಎಲ್ಲಕ್ಕಿಂತ ಭಾರವಾದ ಆಕ್ಷೇಪ ಅದು. ಆ ಬಸ್ಸಿನಲ್ಲಿ ಮನೆಯವರನ್ನು ಕಳೆದುಕೊಂಡವರು ಹದಿನೈದು ವರ್ಷ ಕಾದು ಕೊನೆಗೆ ಏನು ಪಡೆದರು? ಏನೂ ಇಲ್ಲ, ನಿಜ. ಆದರೆ ಅವರಿಂದ ನ್ಯಾಯವನ್ನು ಕಿತ್ತುಕೊಂಡದ್ದು ಸುಪ್ರೀಂ ಕೋರ್ಟ್ ಅಲ್ಲ. ವಕೀಲರಿಲ್ಲದ ಆರೋಪಿಯೆದುರು ಸಾಕ್ಷಿಯ ಮೇಲೆ ಸಾಕ್ಷಿಯನ್ನು ಕರೆದು ಮುಗಿಸಿದ ದಿನಗಳಲ್ಲೇ ಅವರ ಮೊಕದ್ದಮೆ ಕೆಟ್ಟಿತ್ತು. ಆರಂಭದಲ್ಲೇ ಒಬ್ಬ ವಕೀಲರನ್ನು ಕೊಟ್ಟಿದ್ದರೆ ಕೆಲವು ವಾರ ತಡವಾಗುತ್ತಿತ್ತು ಅಷ್ಟೇ. ಬದಲಿಗೆ ತಪ್ಪು ಮಾಡಿದ ಅಧಿಕಾರಿಯನ್ನು ದಂಡಿಸಿ, ಶಿಕ್ಷೆಯನ್ನು ಹಾಗೇ ಉಳಿಸೋಣ ಎಂದು ಕೆಲವರು ಹೇಳುತ್ತಾರೆ. ಕಾಗದದ ಮೇಲೆ ಚೆನ್ನಾಗಿ ಕಾಣುವ ಸಲಹೆ. ಅಧಿಕಾರಿಗೆ ದಂಡ ಹಾಕಿದರೆ ಮುಂದಿನ ಆರೋಪಿಗೆ ಪ್ರಯೋಜನವಾಗಬಹುದು. ಕೆಟ್ಟ ವಿಚಾರಣೆಯ ಆಧಾರದ ಮೇಲೆ ಸೆರೆಯಲ್ಲೇ ಇರುವವನಿಗೆ ಅದರಿಂದ ಏನೂ ಸಿಗುವುದಿಲ್ಲ. ಮರುವಿಚಾರಣೆಯೇ ನೊಂದವರಿಗೂ ಆರೋಪಿಗೂ ಸಲ್ಲುವ ಪರಿಹಾರ. ಬಶೀರನಿಗೆ, ತಾರಾ ಸಿಂಗನಿಗೆ, ದೆಹಲಿಯ ಆರೋಪಿಗೆ ನ್ಯಾಯಾಲಯ ಕೊಟ್ಟದ್ದು ಬಿಡುಗಡೆಯನ್ನಲ್ಲ, ಸರಿಯಾದ ವಿಚಾರಣೆಯನ್ನು. ಕಲಮಿನ ಸಂದಿಯಲ್ಲಿ ಅಪರಾಧಿಗಳು ನುಣುಚಿಕೊಳ್ಳುತ್ತಾರೆ ಎನ್ನುವವರು ಇದನ್ನು ಗಮನಿಸಬೇಕು.

ಇಂದಿನ ಆತಂಕ 1901ರದಕ್ಕೆ ತದ್ವಿರುದ್ಧ: ವಿಚಾರಣೆಯನ್ನೇ ಕೆಡಿಸುವ ದೋಷವೂ ಸುಲಭವಾಗಿ ಮನ್ನಾ ಆಗಿಬಿಡಬಹುದು ಎಂಬುದು. 537ನೆಯ ಕಲಮು 1973ರ ಸಂಹಿತೆಯಲ್ಲಿ 465 ಆಯಿತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 511. ಆಕ್ಷೇಪವನ್ನು ಇನ್ನೂ ಮೊದಲೇ ಎತ್ತಬಹುದಿತ್ತೇ ಎಂಬುದನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದು ಹೇಳುತ್ತದೆ. ಅನುಕೂಲಸ್ಥ ಆರೋಪಿ ಜೇಬಿನಲ್ಲಿ ಆಕ್ಷೇಪ ಬಚ್ಚಿಟ್ಟುಕೊಂಡು, ಸೋತಮೇಲೆ ಹೊರತೆಗೆಯುವುದನ್ನು ತಡೆಯಲು ಇದು ಬೇಕು. ಆದರೆ ಆಕ್ಷೇಪ ಎತ್ತಲು ವಕೀಲರೇ ಇಲ್ಲದವನಿಗೆ, ಇದ್ದರೂ ಆ ದಿನ ಬೆಳಿಗ್ಗೆಯಷ್ಟೇ ಕಡತ ಕೈಗೆತ್ತಿಕೊಂಡ ವಕೀಲರಿರುವವನಿಗೆ, ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುವುದು ಹೇಗೆ? ನಷ್ಟವಾಯಿತೆಂದು ತೋರಿಸು ಎಂಬ ಹೊರೆಯನ್ನು ಅವನ ಮೇಲೆಯೇ ಹೊರಿಸುವುದೂ ಅಷ್ಟೇ ಕಷ್ಟದ ಮಾತು. ಕೇಳದೆ ಹೋದ ಪ್ರಶ್ನೆಗೆ ಸಾಕ್ಷಿ ಏನು ಉತ್ತರ ಕೊಡುತ್ತಿದ್ದ ಎಂಬುದನ್ನು ಯಾವ ಕಡತವೂ ತೋರಿಸುವುದಿಲ್ಲ. ದಿನಾಂಕ ತಪ್ಪು, ಸಹಿ ಬಿಟ್ಟುಹೋದದ್ದು, ವಿಚಾರಣೆ ನಡೆದ ಸ್ಥಳದ ವ್ಯಾಪ್ತಿಯ ಗೊಂದಲಗಳಂಥವುಗಳಲ್ಲಿ ಹೊರೆ ಆರೋಪಿಯ ಮೇಲಿದ್ದರೆ ಅಡ್ಡಿಯಿಲ್ಲ. ವಕೀಲರಿಲ್ಲದಿದ್ದುದು, ಆರೋಪ ತಿಳಿಸದಿದ್ದುದು, ಅರ್ಥವಾಗುವ ಭಾಷೆಯಲ್ಲಿ ವಿಚಾರಿಸದಿದ್ದುದು, ವಿವರಣೆ ಕೊಡಲು ಬಿಡದಿದ್ದುದು ದಾಖಲೆಯಲ್ಲೇ ಕಾಣುತ್ತಿದ್ದರೆ, ನಷ್ಟವಾಗಿಲ್ಲವೆಂದು ತೋರಿಸುವ ಹೊರೆಯನ್ನು ಪ್ರಾಸಿಕ್ಯೂಷನ್ ಹೊರಬೇಕು. 511ರ ಪಠ್ಯ ಇದಕ್ಕೆ ಅಡ್ಡ ಬರುವುದಿಲ್ಲ. ನ್ಯಾಯಕ್ಕೆ ಚ್ಯುತಿ ಬಂದಿದೆಯೇ ಎಂಬುದನ್ನು ನ್ಯಾಯಾಲಯವೇ ನಿರ್ಧರಿಸಬೇಕೆಂದು ಅದು ಹೇಳುತ್ತದೆ, ಆರೋಪಿ ಸಾಬೀತುಪಡಿಸಬೇಕೆಂದು ಎಲ್ಲೂ ಹೇಳಿಲ್ಲ. ಆ ಓದನ್ನು ಸೆಷನ್ಸ್ ನ್ಯಾಯಾಲಯಗಳಿಂದ ಮೊದಲುಗೊಂಡು ಸುಪ್ರೀಂ ಕೋರ್ಟಿನವರೆಗೆ ಒಂದೇ ಸಮನಾಗಿ ಪಾಲಿಸಲು ಹೊಸ ಕಾಯ್ದೆಯೇನೂ ಬೇಕಾಗಿಲ್ಲ.